ನೂರನೇ ನಂಬರಿನ ಹದಿನಾರು ಹೆಜ್ಜೆ

ನಮ್ಮ ಬ್ಯಾಂಡಿನಲ್ಲಿ ಧಾಟಿಗಳಿಗೆ ಹೆಸರಿರಲಿಲ್ಲ, ನಂಬರಿತ್ತು. ಮದುವೆ ಮನೆಯವರು ಸಿನಿಮಾ ಹಾಡು ಕೇಳಿದರೆ ಅದನ್ನು ಹೆಸರು ಹಿಡಿದೇ ಬಾರಿಸುತ್ತಿದ್ದೆವು. ಬ್ಯಾಂಡಿನ ಯಜಮಾನರಾದ ಉಸ್ತಾದರು ಸ್ವಂತ ಕಟ್ಟಿದ ಧಾಟಿಯಾದರೆ ಮಾತ್ರ ಅವರು ಕಾರ್ನೆಟ್ ಎಂಬ ತಮ್ಮ ಹಿತ್ತಾಳೆ ತುತ್ತೂರಿಯನ್ನು ತುಟಿಯಿಂದ ಸರಿಸಿ "ಹದಿನೇಳು" ಎಂದು ಒಂದೇ ಮಾತು ಹೇಳುತ್ತಿದ್ದರು. ಅಷ್ಟಕ್ಕೇ ಹದಿನಾಲ್ಕು ಮಂದಿಯ ಕೈ ಬಾಯಿ ತಾವಾಗಿಯೇ ಹದಿನೇಳಕ್ಕೆ ಹೊಂದಿಕೊಳ್ಳುತ್ತಿದ್ದವು. ಇಂದಿಗೂ ಯಾರಾದರೂ ನನ್ನೆದುರು ಬೇರೇನೋ ಲೆಕ್ಕ ಹೇಳುತ್ತ ಹದಿನೇಳು ಅಂದರೆ ನನ್ನ ಬಲಗೈ ಬೆರಳುಗಳು ಅಲುಗಾಡುತ್ತವೆ. ಮೊಮ್ಮಕ್ಕಳು ಅದನ್ನು ವಯಸ್ಸಿನ ನಡುಕ ಎಂದು ತಿಳಿದಿದ್ದಾರೆ. ತಿಳಿದುಕೊಳ್ಳಲಿ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ಆಗ ತಿಕೋಟಾದ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ಮನೆ ಬಿಜಾಪುರದಲ್ಲಿ. ಈಗ ಅದು ವಿಜಯಪುರ, ಆದರೆ ಮುಂಜಾನೆಯ ತಿಕೋಟಾ ಬಸ್ಸನ್ನು ಓಡಿ ಹಿಡಿಯುತ್ತಿದ್ದ ನನಗೆ ಅದು ಇನ್ನೂ ಬಿಜಾಪುರವೇ. ಬೇಸಿಗೆ ರಜೆಯೂ ಮದುವೆಯ ಸುಗ್ಗಿಯೂ ಒಂದೇ ಕಾಲಕ್ಕೆ ಬರುವುದರಿಂದ ನಾನು ಏಪ್ರಿಲ್‌ನಲ್ಲಿ ಸೀಮೆಸುಣ್ಣ ಕೆಳಗಿಟ್ಟು ಕ್ಲಾರಿನೆಟ್ ಎತ್ತಿಕೊಳ್ಳುತ್ತಿದ್ದೆ. ಹೆಂಡತಿಯ ತವರಿನವರಿಗೆ ಇದು ದೊಡ್ಡ ಅವಮಾನ. ಅಳಿಯ ಏನು ಮಾಡುತ್ತಾನೆ ಎಂದು ಕೇಳಿದವರಿಗೆ ಅವರು "ಸಾಲಿ ಮಾಸ್ತರ" ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತಿದ್ದರು. ಒಮ್ಮೆ ಅವರದೇ ಓಣಿಯ ಮದುವೆಗೆ ನಾನು ಕೆಂಪು ಕೋಟು ತೊಟ್ಟು ಊದುತ್ತ ಹೋದಾಗ ನಮ್ಮ ಮಾವನವರು ಗಿಡದ ಮರೆಗೆ ಸರಿದು ನಿಂತದ್ದನ್ನು ನಾನೇ ಕಂಡೆ. ಅವತ್ತು ಬೇಕೆಂತಲೇ ಇನ್ನಷ್ಟು ಜೋರಾಗಿ ಊದಿದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿಯೇ ಇರುತ್ತಿತ್ತು. ಕ್ಲಾರಿನೆಟ್ಟಿಗೆ ಅದು ಅನುಕೂಲ.

ಉಸ್ತಾದರ ಮನೆತನ ಎಷ್ಟೋ ತಲೆಮಾರಿನಿಂದ ಊರಿನಲ್ಲೇ ಇದ್ದದ್ದು. ಹಗಲಿಗೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ಅಂಗಡಿ, ಅದರ ಹಿಂದಿನ ಉದ್ದನೆಯ ಕೋಣೆಯಲ್ಲಿ ಬ್ಯಾಂಡು. ಅವರಿಗೆ ಕಾರ್ನೆಟ್ ಕಲಿಸಿದವರು ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾಗಿ ಬಂದಿದ್ದ ಒಬ್ಬರು. ಉಸ್ತಾದರಿಗೆ ಧಾಟಿಗೆ ನಂಬರು ಕೊಡುವ ಗೀಳು ಹತ್ತಿದ್ದೂ ಆ ಗುರುವಿನ ಹತ್ತಿರವೇ, ಅವರ ಪೆಟ್ಟಿಗೆಯಲ್ಲಿದ್ದ, ನಂಬರು ಹಾಕಿ ಅಚ್ಚಾದ ಸಂಗೀತದ ಹಾಳೆಗಳನ್ನು ನೋಡಿ. ಉಸ್ತಾದರು ಸ್ವರಗಳನ್ನು ಉರ್ದು ಲಿಪಿಯಲ್ಲಿ ಬರೆಯುತ್ತಿದ್ದರು. ಬ್ಯಾಂಡಿನ ಅರ್ಧ ಮಂದಿಗೆ ಅದು ಓದಲು ಬರುತ್ತಿರಲಿಲ್ಲ. ನನಗೆ ಉರ್ದು, ಕನ್ನಡ ಎರಡೂ ಬರುತ್ತಿದ್ದವು, ಜೊತೆಗೆ ಮುತ್ತು ಪೋಣಿಸಿದಂಥ ಅಕ್ಷರ. ಹಾಗಾಗಿ ಅವರು ಕಟ್ಟಿದ್ದನ್ನೆಲ್ಲ ಕನ್ನಡಕ್ಕಿಳಿಸಿ ಪ್ರತಿ ಮಾಡುವ ಕೆಲಸ ನನ್ನದು.

ಆದರೆ ನಂಬರು ಬರೆಯುವ ಹಕ್ಕು ನನಗಿರಲಿಲ್ಲ. ಹಾಳೆಯ ಬಲಮೂಲೆಯಲ್ಲಿ ನಾನು ಒಂದು ಖಾಲಿ ಚೌಕ ಹಾಕಿ ಬಿಡಬೇಕು. ಧಾಟಿ ಬರೆದು ಮುಗಿದಾಕ್ಷಣ ಅದಕ್ಕೆ ನಂಬರು ಬರುವುದಿಲ್ಲ. ಅದು ರಸ್ತೆಗೆ ಹೋಗಬೇಕು, ಯಾವುದೋ ಊರಿನ ಮೆರವಣಿಗೆಯಲ್ಲಿ ಬಾರಿಸಬೇಕು, ಆಗ ಕೇಳಿದವರಲ್ಲಿ ಯಾರಾದರೂ ಒಬ್ಬರು, ಯಾರೂ ಹೇಳಿಕೊಡದೆ, "ಇನ್ನೊಮ್ಮಿ ಬಾರಸ್ರಿ" ಅನ್ನಬೇಕು. ಅಂದರೆ ಮಾತ್ರ ಮರುದಿನ ಮುಂಜಾನೆ ಉಸ್ತಾದರು ನನ್ನಿಂದ ಶಾಲೆಯ ಕೆಂಪು-ನೀಲಿ ಪೆನ್ಸಿಲ್ ಇಸಿದುಕೊಂಡು, ಕೆಂಪು ತುದಿಯಿಂದ ಚೌಕದಲ್ಲಿ ನಂಬರು ಬರೆದು, ಅದರ ಕೆಳಗೆ ಊರು ಮತ್ತು ಕೇಳಿದವರು ಯಾರು ಎಂದು ಬರೆಯುತ್ತಿದ್ದರು. ಹೆಸರು ಕೇಳುತ್ತಿರಲಿಲ್ಲ. ಹದಿನೇಳು, ಘೋಣಸಗಿ, ಕೊಡ ಹೊತ್ತ ಹೆಣ್ಣುಮಗಳು. ಇಪ್ಪತ್ತೆರಡು, ಬಬಲೇಶ್ವರ, ಸೈಕಲ್ ಹಿಡಿದವ. ಅರವತ್ತು, ಬಿಜಾಪುರ, ಮಾಳಿಗೆ ಮೇಲಿನ ಅಜ್ಜಿ. ಯಾರೂ ಕೇಳದ ಧಾಟಿಗಳು ಚೌಕ ಖಾಲಿ ಇಟ್ಟುಕೊಂಡು ಟ್ರಂಕಿನ ತಳದಲ್ಲಿ ಮಲಗಿರುತ್ತಿದ್ದವು. ಅಂಥವು ನಂಬರು ಬಂದವುಗಳಿಗಿಂತ ಹೆಚ್ಚೇ ಇದ್ದವು.

ನಲವತ್ಮೂರನೇ ನಂಬರಿನ ಬಗ್ಗೆ ಒಂದು ತಕರಾರು ಎದ್ದಿತ್ತು. ನಮ್ಮ ಸೈಡ್ ಡ್ರಮ್ಮಿನವನು ವೃತ್ತಿಯಿಂದ ದರ್ಜಿ, ಬ್ಯಾಂಡಿನ ಕೆಂಪು ಕೋಟುಗಳನ್ನೆಲ್ಲ ಹೊಲಿದವನೂ ಅವನೇ. ಜ್ವರ ಬಂದು ಅವತ್ತು ರಜೆ ಹಾಕಿದ್ದವನು ಮೆರವಣಿಗೆ ತನ್ನ ಮನೆ ಮುಂದೆ ಬಂದಾಗ ಕಂಬಳಿ ಹೊದ್ದು ಹೊರಗೆ ಬಂದು "ಇನ್ನೊಮ್ಮಿ" ಅಂದುಬಿಟ್ಟ. ಬ್ಯಾಂಡಿನವನೇ ಕೇಳಿದರೆ ಲೆಕ್ಕಕ್ಕೆ ಬರುತ್ತದೆಯೇ? ಕೋಣೆಯಲ್ಲಿ ಎರಡು ದಿನ ವಾದ ನಡೆಯಿತು. ಕೊನೆಗೆ ಉಸ್ತಾದರು ತೀರ್ಪು ಕೊಟ್ಟರು: "ಮೈ ಮ್ಯಾಲ ಕೋಟ್ ಇತ್ತೇನು? ಇದ್ದಿಲ್ಲ. ಕೋಟ್ ಇಲ್ಲಂದ್ರ ಅಂವ ಮಂದ್ಯಾಗಿನಾಂವ. ಪೆನ್ಸಿಲ್ ತಾ ಮಾಸ್ತರ." ಹಾಗೆ ನಲವತ್ಮೂರರ ಕೆಳಗೆ "ಕಂಬಳಿ ಹೊದ್ದವ" ಎಂದು ಬಿತ್ತು. ದರ್ಜಿ ಆ ಹಾಳೆಯನ್ನು ಹೊಸಬರಿಗೆಲ್ಲ ತೋರಿಸಿ ಬೀಗುತ್ತಿದ್ದ.

ನಾನೋ ಓದಿದವನೆಂಬ ಜಂಬದವನು. ಒಂದು ಮಧ್ಯಾಹ್ನ ಉಸ್ತಾದರಿಗೆ ಪಾಠ ಹೇಳಲು ಹೋದೆ. ಪುಸ್ತಕವೊಂದರಲ್ಲಿ ಓದಿದ್ದೆ: ಪಶ್ಚಿಮದ ದೊಡ್ಡ ಸಂಗೀತಗಾರರ ಕೃತಿಗಳ ಮೇಲಿನ ನಂಬರು ಹೆಚ್ಚಾಗಿ ಬರೆದ ಕ್ರಮದ್ದಲ್ಲ, ಅಚ್ಚಿಗೆ ಹೋದ ಕ್ರಮದ್ದು. ಹುಡುಗನಾಗಿದ್ದಾಗ ಬರೆದದ್ದಕ್ಕೆ ಮುದುಕನಾದ ಮೇಲೆ ನಂಬರು ಬಿದ್ದದ್ದುಂಟು. ಕೆಲವರು ಎಳವೆಯಲ್ಲಿ ಬರೆದದ್ದನ್ನು ಲೆಕ್ಕದಿಂದ ಹೊರಗಿಟ್ಟು, ತಮಗೆ ಸರಿ ಕಂಡಲ್ಲಿಂದ ನಂಬರ್ ಒಂದು ಎಂದು ಶುರು ಮಾಡಿದ್ದುಂಟು. ಇನ್ನು ಕೆಲವರು ನಂಬರನ್ನೇ ಹಾಕದೆ ತೀರಿಕೊಂಡದ್ದಕ್ಕೆ ಯಾರೋ ಪಂಡಿತರು ಕೂತು ಎಲ್ಲವನ್ನೂ ಹುಡುಕಿ ನಂಬರು ಹಚ್ಚಿದರಂತೆ.

ಕಲಾಯಿ ಒಲೆಯ ತಿದಿ ಒತ್ತುತ್ತಲೇ ಉಸ್ತಾದರು ಎಲ್ಲವನ್ನೂ ಕೇಳಿಸಿಕೊಂಡರು. "ಸತ್ತ ಮ್ಯಾಲ ನಂಬರ ಹಚ್ಚೂದು ಅಂದ್ರ, ಮಗಾ ಮುದುಕ ಆದ ಮ್ಯಾಲ ತೊಟ್ಟಲಕ್ಕ ಹಾಕಿ ಹೆಸರಿಟ್ಟಂಗ ಆತಲೋ ಮಾಸ್ತರ," ಅಂದರು. ತಿದಿಯನ್ನು ಇನ್ನೊಮ್ಮೆ ಒತ್ತಿ, "ಅಚ್ಚಿಗೆ ಹೋದ ಕ್ರಮ ಅಂದೆಲ್ಲ, ಅದು ಖರೇ. ನಮಗ ಅಚ್ಚು ಎಲ್ಲಿಂದ ಬರಬೇಕು? ನಮಗ ಮಂದಿ ಕಿವೀನ ಅಚ್ಚು" ಅಂದರು. ಆಮೇಲೆ ನಾನು ಆ ವಿಷಯದಲ್ಲಿ ಅವರಿಗೆ ಪಾಠ ಹೇಳಲಿಲ್ಲ.

ತೊಂಬತ್ತೊಂಬತ್ತನೆಯದು ಹೊನವಾಡದಲ್ಲಿ ಬಂತು. ಅದಾದ ಮೇಲೆ ಎರಡು ವರ್ಷ ಉಸ್ತಾದರು ಹೊಸದೇನೂ ಕೈಗೆ ಕೊಡಲಿಲ್ಲ. ಕಟ್ಟುತ್ತಿರಲಿಲ್ಲವೆಂದಲ್ಲ, ಕಟ್ಟಿ ಕಟ್ಟಿ ಅಳಿಸುತ್ತಿದ್ದರು. ನೂರು ಎಂಬ ಅಂಕಿ ಅವರನ್ನು ಹಿಡಿದುಕೊಂಡಿತ್ತು. ಅಷ್ಟರೊಳಗೆ ಅವರ ಮೇಲಿನ ಸಾಲಿನ ಮುಂದಿನ ಹಲ್ಲುಗಳು ಅಲುಗಾಡತೊಡಗಿದವು. ಕಾರ್ನೆಟ್ ಊದುವವನಿಗೆ ಇದು ಸಣ್ಣ ಮಾತಲ್ಲ. ಹಿತ್ತಾಳೆಯ ಒತ್ತಡವನ್ನು ತುಟಿ ತಡೆಯುವಂತೆ ಕಾಣುತ್ತದೆ, ಆದರೆ ತುಟಿಯ ಹಿಂದೆ ಗೋಡೆಯಾಗಿ ನಿಲ್ಲುವುದು ಹಲ್ಲೇ. ಒಸಡು ಕೀವಾಗಿತ್ತು. ಡಾಕ್ಟರು ಆ ಸುಗ್ಗಿ ಮುಗಿದ ಕೂಡಲೇ ಎಲ್ಲವನ್ನೂ ಕಿತ್ತುಬಿಡಬೇಕೆಂದರು.

ಅದೇ ವಾರ ಉಸ್ತಾದರು ನನ್ನ ಕೈಗೆ ಹಾಳೆಗಳ ಕಟ್ಟು ಕೊಟ್ಟರು. "ಇದು ನೂರನೇದು ಆಗಬೇಕು. ನನ್ನ ಬಾಯಾಗ ಹಲ್ಲ ಇರೂದ್ರಾಗ, ನಾನ ಊದಿ, ಮಂದಿ ಕಡಿಂದ ಕೇಳಿಸ್ಕೋಬೇಕು. ಆಮ್ಯಾಲ ಹಲ್ಲ ಹ್ವಾದ್ರ ಹೋಗ್ಲಿ." ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಮೂವತ್ತೈದು ವರ್ಷ ಊರೂರು ತಿರುಗಿ ಊದಿದ ಮನುಷ್ಯ ಕೇಳಿದ್ದು ಇಷ್ಟೇ ಎಂದುಕೊಳ್ಳುತ್ತ ಕಟ್ಟನ್ನು ಮನೆಗೆ ಒಯ್ದೆ.

ಪ್ರತಿ ಮಾಡಲು ಕೂತವನಿಗೆ ಒಂದು ಕಡೆ ತೊಡಕಾಯಿತು. ಧಾಟಿ ಉದ್ದ, ನಮ್ಮ ಉಳಿದ ಧಾಟಿಗಳ ಮೂರು ಪಟ್ಟು. ಸೈಡ್ ಡ್ರಮ್ ಒಂದೇ ಮೆಲ್ಲಗೆ ಶುರು ಮಾಡುತ್ತದೆ, ದೂರದಿಂದ ಟಾಂಗಾ ಬಂದಂತೆ. ಒಬ್ಬೊಬ್ಬರೇ ಸೇರುತ್ತ ಹೋಗಿ ಬ್ಯಾಂಡು ತುಂಬಿಕೊಳ್ಳುತ್ತದೆ. ತುಂಬಿ ಇನ್ನೇನು ಮೇಲಕ್ಕೆ ಏರಬೇಕು ಅನ್ನುವಲ್ಲಿ ಎಲ್ಲರ ಹಾಳೆಯಲ್ಲೂ ಹದಿನಾರು ಸೊನ್ನೆ, ಹೆಜ್ಜೆಗೊಂದರಂತೆ, ಸ್ವರವೇ ಇಲ್ಲ. ಆಮೇಲೆ ಕಾರ್ನೆಟ್ ಒಂದೇ ಎದ್ದು ಬರುತ್ತದೆ. ನಾನು ಮರುದಿನ ಹೋಗಿ, "ಉಸ್ತಾದ್ರ, ಇಲ್ಲಿ ಬರಿಯೋದು ಮರತೀರಿ" ಅಂದೆ.

ಅವರು ನಕ್ಕರು. "ಮರತಿಲ್ಲೋ. ದವಾಖಾನಿ ಮುಂದ ಹೋಗ್ವಾಗ ನಾವೇನ್ ಮಾಡ್ತೀವಿ?"

"ಸುಮ್ಮನ ನಡೀತೀವಿ."

"ಸಾವಾದ ಮನಿ ಮುಂದ? ನಮಾಜ್ ಹೊತ್ತಿನ್ಯಾಗ ಮಸೂತಿ ಮುಂದ?"

"ಸುಮ್ಮನ."

"ಹಂಗಾದ್ರ ಅದೂ ನಮ್ಮದ ಧಾಟಿ ಅಲ್ಲೇನು? ಹದಿನಾಲ್ಕು ಮಂದಿ ಕೂಡಿ ಸುಮ್ಮನ ನಡಿಯೋದು. ಕಾಲಿನ ಸಪ್ಪಳ ಒಂದ. ಇಷ್ಟ ವರ್ಷ ಬಾರಿಸೇವಿ, ಅದನ್ನ ಯಾರೂ ಬರದಿಲ್ಲ. ದವಾಖಾನಿ ಗ್ವಾಡಿ ಮುಗಿಯೋತನ ನೂರಾ ಚಿಲ್ಲರ ಹೆಜ್ಜಿ ಆಗ್ತಾವ. ನಾ ಹದಿನಾರಕ್ಕ ತಂದೀನಿ, ಮಂದಿ ತಡಕೊಳ್ಳಂಗಿಲ್ಲಂತ."

ಆಗ ನನಗೆ ನೆನಪಾಯಿತು. ಊದುತ್ತ ಬಂದವರು ದವಾಖಾನೆಯ ಗೇಟು ಬಂದೊಡನೆ ವಾದ್ಯವನ್ನು ಎದೆಗಾನಿಸಿಕೊಂಡು ನಡೆಯುತ್ತೇವೆ. ಮದುಮಗನ ಕುದುರೆಯ ಗೊರಸು, ನಮ್ಮ ಬೂಟು, ಹಿಂದೆ ಬರುವ ಹೆಂಗಸರ ಬಳೆ. ಒಳಗೆ ಕಿಟಕಿಯಲ್ಲಿ ಯಾರಾದರೂ ರೋಗಿ ಎದ್ದು ಕೂತು ನೋಡುತ್ತಿರುತ್ತಾರೆ. ನಾನು ನೂರಾರು ಸಲ ಹಾಗೆ ನಡೆದಿದ್ದೆ, ಅದನ್ನು ಕೇಳಿರಲಿಲ್ಲ. ಉಸ್ತಾದರು ಅದನ್ನು ಕೇಳಿ ಬರೆದಿಟ್ಟಿದ್ದರು. ನನ್ನ ಪಂಡಿತಿಕೆಯ ಬಗ್ಗೆ ನನಗೇ ನಾಚಿಕೆಯಾಯಿತು.

ಆದರೆ ರಸ್ತೆಯ ಮೇಲೆ ಆ ಧಾಟಿ ನಿಲ್ಲಲೇ ಇಲ್ಲ. ಮೊದಲ ಸಲ ಬಿಜಾಪುರದಲ್ಲೇ ಬಾರಿಸಿದೆವು. ಹದಿನಾರು ಹೆಜ್ಜೆಯ ಜಾಗ ಬಂದೊಡನೆ ಕುಣಿಯುತ್ತಿದ್ದ ಹುಡುಗರು "ಏ, ಯಾಕ್ ನಿಂದರಿಸಿದ್ರಿ, ಹೊಡೀರಿ" ಎಂದು ಕಿರುಚಿದರು. ಎರಡನೆಯ ಸಲ ಹೊನವಾಡದಲ್ಲಿ ಮದುಮಗನ ಸೋದರಮಾವ, ಬ್ಯಾಂಡಿನವರಿಗೆ ದಣಿವಾಗಿದೆ ಎಂದು ತಿಳಿದು ಅದೇ ಜಾಗದಲ್ಲಿ ನಮ್ಮೆಲ್ಲರಿಗೂ ಶರಬತ್ತು ತರಿಸಿದ. ಒಳ್ಳೆಯ ಮನಸ್ಸಿನ ಮನುಷ್ಯ, ಆದರೆ ಶರಬತ್ತು ಕುಡಿದ ಬಾಯಲ್ಲಿ ಕಾರ್ನೆಟ್ ಏನು ಎದ್ದು ಬಂದೀತು! ಮೂರನೆಯ ಸಲ ಯಾರೂ ಏನೂ ಅನ್ನಲಿಲ್ಲ, ಅದು ಇನ್ನೂ ಕೆಟ್ಟದ್ದು.

"ಇದು ಕುಂತು ಬಾರಸೂದು, ಕುಂತು ಕೇಳೂದು," ಅಂದರು ಉಸ್ತಾದರು ಬಸ್ಸಿನಲ್ಲಿ ಹಿಂದಿರುಗುವಾಗ. "ಇದಕ್ಕ ಪುರಸೊತ್ತು ಇದ್ದಾಂವ ಬೇಕು. ಲಗ್ನದಾಗ ಯಾರಿಗಿರ್ತೈತಿ ಪುರಸೊತ್ತು?" ಕರವಸ್ತ್ರ ಬಾಯಿಗೆ ಹಿಡಿದಿದ್ದರು. ಅದರಲ್ಲಿ ರಕ್ತ ಇತ್ತು.

ಸುಗ್ಗಿಯಲ್ಲಿ ಇನ್ನೊಂದೇ ಮದುವೆ ಉಳಿದಿತ್ತು, ಬಬಲೇಶ್ವರದ್ದು. ನನ್ನ ತಾಳ್ಮೆ ಮುಗಿಯಿತು. ಬಬಲೇಶ್ವರದಲ್ಲಿ ನನ್ನ ಜೊತೆ ಶಿಕ್ಷಕರ ತರಬೇತಿ ಮುಗಿಸಿದ ಒಬ್ಬ ಗೆಳೆಯನಿದ್ದ, ಅಲ್ಲಿನ ಶಾಲೆಯಲ್ಲೇ ಮಾಸ್ತರ. ಹಿಂದಿನ ದಿನವೇ ಅವನಲ್ಲಿಗೆ ಹೋಗಿ, ಉದ್ದನೆಯದೊಂದು ಧಾಟಿ ಬಾರಿಸುತ್ತೇವೆ, ಮುಗಿದ ಕೂಡಲೇ ಜೋರಾಗಿ "ಇನ್ನೊಮ್ಮಿ ಬಾರಸ್ರಿ" ಅನ್ನು, ಯಾಕೆ ಏನು ಎಂದು ಕೇಳಬೇಡ ಎಂದು ಹೇಳಿ ಬಂದೆ. "ಅಷ್ಟ ಏನು? ಸಾಲಿ ಹುಡುಗೂರ ಹಾಜರಿ ತಗೊಂಡ ಗಂಟಲೈತಿ, ಊರಿಗೆಲ್ಲ ಕೇಳಂಗ ಒದರತೀನಿ" ಅಂದ. ಅದೊಂದು ತಪ್ಪು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಉಸ್ತಾದರ ಕರವಸ್ತ್ರ ನನ್ನ ಕಣ್ಣ ಮುಂದಿತ್ತು.

ಮದುವೆಯ ದಿನ ಸಂಜೆಗೆ ಮುಂಚೆ, ಬಿಸಿಲು ಇಳಿಯುವ ಹೊತ್ತು. ಮೆರವಣಿಗೆ ಬಜಾರದ ತಿರುವಿಗೆ ಬಂದು ನಿಂತಿತು, ಆರತಿ ತರುವವರಿಗಾಗಿ ಕಾಯಬೇಕಾಗಿತ್ತು. ಉಸ್ತಾದರು ಕಣ್ಣಲ್ಲೇ ಸನ್ನೆ ಮಾಡಿದರು. ದರ್ಜಿಯ ಡ್ರಮ್ ಮೆಲ್ಲಗೆ ಎದ್ದಿತು. ಅವತ್ತು ಯಾಕೋ ಮಂದಿ ಸುಮ್ಮನಿದ್ದರು. ಒಬ್ಬೊಬ್ಬರೇ ಸೇರಿಕೊಂಡೆವು, ಬ್ಯಾಂಡು ತುಂಬಿತು, ಉಸ್ತಾದರ ಕತ್ತಿನ ನರ ಬಿಗಿದು ನಿಂತದ್ದನ್ನು ಕಂಡೆ. ಎಲ್ಲರೂ ಒಟ್ಟಿಗೆ ಬಾರಿಸುವುದನ್ನು ನಿಲ್ಲಿಸಿದೆವು. ಹದಿನಾರು ಹೆಜ್ಜೆ ಶುರುವಾಯಿತು. ಒಂದು, ಎರಡು, ಮೂರು. ಯಾರೂ ಕಿರುಚಲಿಲ್ಲ. ನಾಲ್ಕು, ಐದು.

"ಇನ್ನೊಮ್ಮಿ ಬಾರಸ್ರಿ!"

ನನ್ನ ಗೆಳೆಯ ಕಟ್ಟೆಯ ಮೇಲೆ ನಿಂತು, ಕೈ ಎತ್ತಿ, ಹಾಜರಿ ಕೂಗುವ ಗಂಟಲಿನಲ್ಲಿ ಕೂಗಿದ. ಪಾಪ, ಧಾಟಿ ಮುಗಿಯಿತೆಂದೇ ಅವನು ತಿಳಿದಿದ್ದ. ನಡುವೆ ಇಂಥದೊಂದಿದೆ ಎಂದು ನಾನೇ ಹೇಳಿರಲಿಲ್ಲ. ಕೂಗಿ ಆದ ಮೇಲೆ ಅವನು, ಕೆಲಸ ಸರಿಯಾಯಿತೇ ಎಂದು ನೇರವಾಗಿ ನನ್ನ ಕಡೆಯೇ ನೋಡಿ ನಕ್ಕ. ಉಸ್ತಾದರು ಅವನನ್ನು ನೋಡಿದರು, ನನ್ನನ್ನು ನೋಡಿದರು. ಎಣಿಕೆ ತಪ್ಪಿಸದೆ ಹದಿನಾರನ್ನು ಮುಗಿಸಿ ಕಾರ್ನೆಟ್ ಎತ್ತಿದರು. ಅವರು ಊದಿದ್ದು ಆ ಸುಗ್ಗಿಯಲ್ಲೇ ಎಲ್ಲಕ್ಕಿಂತ ಚೆನ್ನಾಗಿತ್ತು. ನನಗೆ ನಿಂತ ನೆಲ ಬಾಯಿ ತೆರೆಯಬಾರದೇ ಅನ್ನಿಸಿತ್ತು.

ಮರುದಿನ ಮುಂಜಾನೆ ಕೋಣೆಗೆ ಹೋದೆ. ಉಸ್ತಾದರು ಪೆನ್ಸಿಲ್ ಕೇಳಲಿಲ್ಲ. ನಮ್ಮಲ್ಲಿ ಸಿಟ್ಟು ಬಂದರೆ ಜನ 'ನೀನು' ಅನ್ನುತ್ತಾರೆ. ಉಸ್ತಾದರು ಪ್ರೀತಿಗೆ 'ನೀ' ಅನ್ನುತ್ತಿದ್ದವರು, ಸಿಟ್ಟು ಬಂದರೆ 'ನೀವು'.

"ಮಾಸ್ತರ್ರ, ನೀವು ಓದಿದವರು. ಒಂದು ಮಾತು ಹೇಳ್ರಿ. ಸಾಲ್ಯಾಗ ಹುಡುಗ ಕಾಪಿ ಹೊಡದು ಪಾಸಾದ್ರ ಆ ಪಾಸು ಯಾರದು?"

"ನಿಮ್ಮ ಸಲುವಾಗಿ ಮಾಡಿದ್ನ್ರಿ," ಅಂದೆ. ಅಳು ಬಂದಿತ್ತು, ಅದಕ್ಕೇ ದನಿ ಒರಟಾಯಿತು.

"ಗೊತ್ತೈತಿ. ಅದಕ್ಕ ಹೆಚ್ಚು ಸಂಕಟ ಆಗೈತಿ. ತೊಂಬತ್ತೊಂಬತ್ತು ಸಲ ಒಬ್ಬರಿಗೂ ಕೇಳ್ರಿ ಅಂದಿಲ್ಲ ನಾ. ನೀವು ನನ್ನ ಹೆಸರಿನ್ಯಾಗ ಹೋಗಿ ಜೋಳಿಗಿ ಒಡ್ಡಿ ಬಂದ್ರಿ."

ಅವರು ಎದ್ದು ಹೋದರು. ಮುಂದಿನ ವಾರ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡರು. ಕೋಟನ್ನು ಒಗೆಸಿ, ಮಡಿಸಿ, ದರ್ಜಿಯ ಕೈಗೆ ಕೊಟ್ಟು "ಇನ್ನ ಇದು ಬ್ಯಾರೆಯವರ ಅಳತಿಗೆ ಮಾಡು" ಅಂದರಂತೆ. ಶಾಲೆ ಶುರುವಾಯಿತು. ನಾನು ತಿಕೋಟಾಕ್ಕೆ ಹೋಗುತ್ತ ಬರುತ್ತ ಕಲಾಯಿ ಅಂಗಡಿಯ ದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದೆ. ಕ್ಲಾರಿನೆಟ್ ಪೆಟ್ಟಿಗೆ ತೆರೆಯಲಿಲ್ಲ. ಮಕ್ಕಳಿಗೆ ಅಂಕಿ ಎಣಿಸಲು ಹೇಳಿಕೊಡುವಾಗ ತೊಂಬತ್ತೊಂಬತ್ತಾದ ಮೇಲೆ ನಾಲಿಗೆ ತಡವರಿಸುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ನಾನು ಉಣ್ಣುತ್ತಿದ್ದೆ.

ದಸರೆ ಕಳೆದು ಚಳಿ ಬಿದ್ದ ಮೇಲೆ ಒಂದು ರವಿವಾರ ದರ್ಜಿ ಮನೆಗೆ ಬಂದ. ಕೈಯಲ್ಲಿ ಹಾಳೆಗಳು. ನೂರನೆಯದಾಗಬೇಕಿದ್ದ ಆ ಧಾಟಿಯೇ. ಕಾರ್ನೆಟ್ಟಿನ ಜಾಗವನ್ನೆಲ್ಲ ಉಸ್ತಾದರು ಕ್ಲಾರಿನೆಟ್ಟಿಗೆ ಹೊಂದುವಂತೆ ತಿದ್ದಿ ಬರೆದಿದ್ದರು. ಹದಿನಾರು ಸೊನ್ನೆಗಳು ಇದ್ದಲ್ಲೇ ಇದ್ದವು.

"ಏನಂದ್ರು?" ಎಂದು ಕೇಳಿದೆ.

"ಏನೂ ಅಂದಿಲ್ಲ. ಮಾಸ್ತರಗ ಕೊಡು, ಕನ್ನಡದಾಗ ಬರೀಲಿ ಅಂದ್ರು, ಅಷ್ಟ." ಬಾಗಿಲ ತನಕ ಹೋದವನು ತಿರುಗಿ, "'ಮಾಸ್ತರ್ರಿಗೆ' ಅನಲಿಲ್ಲ, 'ಮಾಸ್ತರಗ' ಅಂದ್ರು" ಎಂದು ಹೇಳಿ ಹೋದ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಅವತ್ತೇ ಕೂತು ನನ್ನ ಜೀವನದಲ್ಲಿ ಬರೆದ ಅತಿ ಚಂದದ ಅಕ್ಷರದಲ್ಲಿ ಪ್ರತಿ ಮಾಡಿದೆ. ಚೌಕ ಖಾಲಿ ಬಿಟ್ಟೆ.

ಮುಂದಿನ ಬೇಸಿಗೆಯಲ್ಲಿ ತಿಕೋಟಾದಲ್ಲಿ ಒಂದು ಮದುವೆ. ಬ್ಯಾಂಡು ಈಗ ನನ್ನ ಸನ್ನೆಯ ಮೇಲೆ ನಡೆಯುತ್ತಿತ್ತು. ಗಂಡಿನ ಮನೆಯವರು ಉಸ್ತಾದರಿಗೂ ಆಮಂತ್ರಣ ಕೊಟ್ಟಿದ್ದರು, ಹಳೆಯ ಪರಿಚಯ. ಅವರು ಬಿಳಿ ಅಂಗಿ ತೊಟ್ಟು ಬಂದು ಹಂದರದ ಹಿಂದಿನ ಸಾಲಿನಲ್ಲಿ ಕೂತಿದ್ದರು. ಹೊಸ ಹಲ್ಲಿನ ಸೆಟ್ಟು ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿತ್ತು. "ಊಟಕ್ಕ ಹಾಕ್ಕೋತೀನಿ, ಮಾತಿಗೆ ಬ್ಯಾಡ, ಕಟಕಟ ಅಂತಾವ" ಅಂದರು ನನ್ನನ್ನು ನೋಡಿ. ಅದು ಸುಮಾರು ಒಂದು ವರ್ಷದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು.

ಹೆಣ್ಣಿನ ಕಡೆಯವರು ಹೊನವಾಡದಿಂದ ಬರಬೇಕಾಗಿತ್ತು. ಅವರ ಬಸ್ಸು ಬರಲಿಲ್ಲ. ದಾರಿಯಲ್ಲಿ ಚಕ್ರ ಪಂಕ್ಚರ್ ಆಗಿದೆ ಎಂದು ಸೈಕಲ್ಲಿನವನೊಬ್ಬ ಸುದ್ದಿ ತಂದ. ಅಡಿಗೆಯಾಗಿತ್ತು, ಹಂದರ ತುಂಬಿತ್ತು, ಎರಡು ಮೂರು ನೂರು ಮಂದಿ ಮಾಡಲು ಕೆಲಸವಿಲ್ಲದೆ ಕೂತಿದ್ದರು. ಗಂಡಿನ ತಂದೆ ಕೈ ಹೊಸಕಿಕೊಳ್ಳುತ್ತ ನನ್ನ ಬಳಿ ಬಂದರು. "ಮಾಸ್ತರ, ಮಂದಿ ಬ್ಯಾಸರಾಗ್ಯಾರ. ನೀವು ಇಲ್ಲೇ ಕುಂತು ಏನರ ಬಾರಸ್ರಿ. ಉದ್ದಂದು ಇದ್ರ ಛೊಲೋ."

ನಾನು ದರ್ಜಿಯ ಮುಖ ನೋಡಿದೆ. ಅವನು ಆಗಲೇ ಡ್ರಮ್ಮನ್ನು ಮೊಣಕಾಲಿನ ನಡುವೆ ಇಟ್ಟುಕೊಂಡಿದ್ದ.

ಶಾಲೆಯಿಂದ ತಂದ ಬೆಂಚುಗಳ ಮೇಲೆ ಕೂತೆವು. ಡ್ರಮ್ ಮೆಲ್ಲಗೆ ಎದ್ದಿತು. ರಸ್ತೆಯಲ್ಲಿ ನಮ್ಮ ಕಿವಿಗೇ ಕೇಳದಿದ್ದ ಸಣ್ಣ ಸಣ್ಣ ಬಳುಕುಗಳೆಲ್ಲ ಅವತ್ತು ಕೇಳಿದವು. ಬ್ಯಾಂಡು ತುಂಬಿತು, ಬಾರಿಸುವುದನ್ನು ನಿಲ್ಲಿಸಿದೆವು. ಒಂದು, ಎರಡು. ಹಂದರದಲ್ಲಿ ಬೀಸಣಿಕೆ ಆಡಿಸುತ್ತಿದ್ದ ಕೈಗಳು ನಿಂತವು. ಹಿತ್ತಲ ಹಂಡೆಯಲ್ಲಿ ಸಾರು ಕುದಿಯುವುದು ಕೇಳಿಸಿತು. ಗುಬ್ಬಿಯೊಂದು ಹಂದರದ ಗಳದ ಮೇಲೆ ಎರಡು ಸಲ ಕೂಗಿತು. ಎಣಿಕೆ ತಪ್ಪದಿರಲೆಂದು ಬೂಟಿನೊಳಗೆ ಹೆಬ್ಬೆರಳು ಆಡಿಸುತ್ತ ಹೋದೆ. ಹದಿನಾಲ್ಕು, ಹದಿನೈದು, ಹದಿನಾರು. ಊದಿದೆ. ಅದು ಉಸ್ತಾದರ ಕಾರ್ನೆಟ್ಟಿನಂತೆ ಇರಲಿಲ್ಲ, ಇರಲು ಸಾಧ್ಯವೂ ಇಲ್ಲ. ಆದರೆ ತುದಿ ಮುಟ್ಟಿದೆ.

ಮುಗಿದ ಮೇಲೆ ಮುಂದಿನ ಸಾಲಿನ ಮುದುಕಿಯೊಬ್ಬಳು "ಛೊಲೋ ಬಾರಿಸಿದ್ರಿ ಯಪ್ಪಾ" ಅಂದಳು. ಕೆಲವರು ತಲೆದೂಗಿದರು. ಛೊಲೋ ಅಂದರೆ ಸಾಲದು, ನಿಯಮ ಬೇರೆ. ನಾನು ಹಾಳೆ ಮಡಿಸತೊಡಗಿದೆ.

"ಇನ್ನೊಮ್ಮಿ ಬಾರಸ್ರಿ."

ಹಿಂದಿನ ಸಾಲಿನಿಂದ ಬಂತು, ಮೆಲ್ಲಗೆ. ನನಗೆ ಮೈ ಉರಿಯಿತು. ಬಬಲೇಶ್ವರದ ಕತೆ ಗೊತ್ತಿದ್ದ ಯಾರೋ ಕುಚೇಷ್ಟೆ ಮಾಡುತ್ತಿದ್ದಾರೆ ಎಂದು ತಲೆಯೆತ್ತಿದೆ. ಉಸ್ತಾದರು ಎದ್ದು ನಿಂತಿದ್ದರು. ಕಣ್ಣು ಒದ್ದೆಯಾಗಿದ್ದವು. ತಾವು ಏನಂದೆವು ಎಂದು ಅವರಿಗೂ ಆಗಲೇ ಹೊಳೆದಂತೆ ಕಂಡಿತು, ಕೈ ಬಾಯಿಗೆ ಹೋಯಿತು. "ಏ, ಇಲ್ಲ, ಇಲ್ಲ," ಅಂದರು. "ಮರತು ಅಂದ್ನಿ. ಇದು ಲೆಕ್ಕಕ್ಕಿಲ್ಲ. ನಂದ ಧಾಟಿ, ನಾನ ಹೆಂಗ ಕೇಳ್ಲಿ?"

ದರ್ಜಿ ಡ್ರಮ್ಮಿನ ಕೋಲನ್ನು ಅವರ ಬಿಳಿ ಅಂಗಿಯ ಕಡೆ ಚಾಚಿದ. "ಮೈ ಮ್ಯಾಲ ಕೋಟ್ ಐತೇನ್ರಿ ಉಸ್ತಾದ್ರ?"

ಬ್ಯಾಂಡಿನವರೆಲ್ಲ ಒಮ್ಮೆಲೇ ನಕ್ಕೆವು. ಹಂದರದವರಿಗೆ ಏನೂ ತಿಳಿಯಲಿಲ್ಲ. ಉಸ್ತಾದರು ತಮ್ಮ ಅಂಗಿಯನ್ನು ತಾವೇ ಬಗ್ಗಿ ನೋಡಿಕೊಂಡರು. ಆಮೇಲೆ ಹಿಂದಿನ ಸಾಲು ಬಿಟ್ಟು ಮುಂದೆ ಬಂದು, ಆ ಮುದುಕಿಯ ಪಕ್ಕದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. "ಹಂಗಾದ್ರ ಬಾರಸ್ರಿ," ಅಂದರು.

ಎರಡನೆಯ ಸಲ ಹದಿನಾರು ಹೆಜ್ಜೆಯ ನಡುವೆ ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಯಾರೂ ಏಳಲಿಲ್ಲ. ಹೊನವಾಡದ ಮಂದಿ ಟ್ರಂಕು ಹೊತ್ತು ಬಂದವರು, ಹಂದರವೆಲ್ಲ ಸುಮ್ಮನೆ ಕೂತದ್ದನ್ನು ಕಂಡು, ಇದು ಈ ಊರಿನ ಪದ್ಧತಿಯಿರಬೇಕೆಂದು ಬಾಗಿಲಲ್ಲೇ ನಿಂತರು. ಧಾಟಿ ಮುಗಿಯುವವರೆಗೆ ಮದುಮಗಳೂ ನಿಂತಿದ್ದಳು.

ಮರುದಿನ ಮುಂಜಾನೆ ಕಲಾಯಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಉಸ್ತಾದರಿಗೆ ಪೆನ್ಸಿಲ್ ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ. "ಕೇಳಿದಾಂವ ಬರೀಬಾರದು. ನೀ ಬರಿ."

ನನ್ನ ಮುತ್ತಿನಂಥ ಅಕ್ಷರ ಅವತ್ತು ಸೊಟ್ಟಗಾಯಿತು. ನೂರು ಎಂದು ಬರೆದೆ. ಕೆಳಗೆ ತಿಕೋಟಾ ಎಂದು ಬರೆದೆ. "ಯಾರ ಕೇಳಿದ್ರು ಅಂತ ಬರೀಲ್ರಿ?"

ಅವರು ಬಗ್ಗಿ ಆ ಚೌಕವನ್ನು ನೋಡಿದರು. "ಮೂವತ್ತಾರು ವರ್ಷ ನಟ್ಟ ನಡುವ ನಿಂತು ಊದೀನಿ ಮಾಸ್ತರ. ನನ್ನ ಬ್ಯಾಂಡು ಹೊರಗಿಂದ ಹೆಂಗ ಕೇಳತೈತಿ ಅನ್ನೂದು ನಿನ್ನಿ ಗೊತ್ತಾತು," ಅಂದರು. ಆಮೇಲೆ ನಿಧಾನವಾಗಿ, ನಾನು ಬರೆದುಕೊಳ್ಳಲು ಅನುವಾಗುವಂತೆ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು.

ಆ ಹಾಳೆ ಈಗ ನನ್ನ ಬಳಿಯೇ ಇದೆ. ನೂರು, ತಿಕೋಟಾ, ಪುರಸೊತ್ತಿದ್ದ ಒಬ್ಬ ಮುದುಕ.